ರಾಜ–ಕಾಲಾಳು ಕೊನೆಯಾಟ

ಚದುರಂಗದಲ್ಲಿ ಮಂತ್ರಿ, ಆನೆ, ಒಂಟೆ, ಕುದುರೆಗಳೆಲ್ಲ ಕಡಿದುಹೋಗಿ ರಾಜರಿಬ್ಬರೂ ಕೆಲವು ಕಾಲಾಳುಗಳೂ ಮಾತ್ರ ಉಳಿದಿರುವ ಹಂತ. ಆಟಗಾರರು ಇದನ್ನು ಪಾನ್ ಎಂಡಿಂಗ್ ಎಂದೇ ಕರೆಯುವುದುಂಟು. ಹಲಗೆ ಬರಿದಾಗಿರುವುದರಿಂದ ಆಟ ಸುಲಭವೆಂದು ಕಾಣುತ್ತದೆ. ನಿಜದಲ್ಲಿ ಇಷ್ಟು ಕರಾರುವಾಕ್ಕಾದ ಲೆಕ್ಕ ಕೇಳುವ ಹಂತ ಇನ್ನೊಂದಿಲ್ಲ. ಒಂದು ನಡೆ ತಪ್ಪಿದರೆ ಸರಿಪಡಿಸಲು ಬೇರೆ ಕಾಯಿಯೇ ಇರುವುದಿಲ್ಲ. ಅಲ್ಲಿಯವರೆಗೆ ಕೋಟೆಯ ಮೂಲೆಯಲ್ಲಿ ಅವಿತಿದ್ದ ರಾಜ ಈಗ ನಡುಹಲಗೆಗೆ ಬಂದು ತಾನೇ ಕಾದಬೇಕು. ಹಿಂದೆ ಉಳಿದ ರಾಜ ಸಾಮಾನ್ಯವಾಗಿ ಸೋತ ರಾಜ.

ಮೊದಲ ಪ್ರಶ್ನೆ ಓಟದ್ದು. ಬಿಳಿಯ ಕಾಲಾಳು ಎ4ರಲ್ಲಿದೆ, ಅದರ ರಾಜ ದೂರದಲ್ಲಿದ್ದಾನೆ ಎನ್ನೋಣ. ಕರಿ ರಾಜ ಅದನ್ನು ಹಿಡಿಯಬಲ್ಲನೇ ಎಂದು ತಿಳಿಯಲು ಒಂದೊಂದು ನಡೆಯನ್ನೂ ಎಣಿಸಬೇಕಿಲ್ಲ. ಎ4, ಎ8, ಇ8, ಇ4 ಮೂಲೆಗಳಾಗಿರುವ ಚೌಕವನ್ನು ಮನಸ್ಸಿನಲ್ಲೇ ಎಳೆದರೆ ಸಾಕು. ತನ್ನ ಸರದಿಯಲ್ಲಿ ಅದರೊಳಕ್ಕೆ ಕಾಲಿಟ್ಟ ರಾಜ ಕಾಲಾಳನ್ನು ಹಿಡಿಯುತ್ತಾನೆ. ಎಫ್4ರಲ್ಲಿರುವ ಕರಿ ರಾಜನಿಗೆ ಮೊದಲ ನಡೆ ಸಿಕ್ಕರೆ ಇ5ಕ್ಕೆ ಬಂದು ಗೆದ್ದ. ಬಿಳಿ ಮೊದಲು ನಡೆದರೆ ಚೌಕ ಕುಗ್ಗಿ ಅವನು ಹೊರಗೇ ಉಳಿದ.

ರಾಜರು ಹತ್ತಿರವಿದ್ದಾಗ ಓಟಕ್ಕಿಂತ ಎದುರುನಿಲುವು ಮುಖ್ಯ. ರಾಜರಿಬ್ಬರೂ ಒಂದೇ ಸಾಲಿನಲ್ಲಿ ನಡುವೆ ಒಂದೇ ಮನೆ ಬಿಟ್ಟು ನಿಂತರೆ, ಯಾರ ಸರದಿಯೋ ಅವರಿಗೇ ಕಷ್ಟ. ಬಿಳಿ ರಾಜ ಇ4ರಲ್ಲಿ, ಕರಿ ರಾಜ ಇ6ರಲ್ಲಿ, ಬಿಳಿಯ ಏಕೈಕ ಕಾಲಾಳು ಇ3ರಲ್ಲಿ ಇರಲಿ. ಸರದಿ ಕರಿಯದಾದರೆ ರಾಜ ಪಕ್ಕಕ್ಕೋ ಹಿಂದಕ್ಕೋ ಸರಿಯಲೇಬೇಕು. ಡಿ6ಕ್ಕೆ ಸರಿದರೆ ಬಿಳಿ ರಾಜ ಎಫ್5ಕ್ಕೆ ನುಗ್ಗಿ ಕಾಲಾಳಿಗೆ ದಾರಿ ಬಿಡಿಸುತ್ತಾನೆ. ಸರದಿ ಬಿಳಿಯದಾದರೆ ಆಟ ಡ್ರಾ. ಈಗ ಕಾಲಾಳನ್ನು ಇ2ಕ್ಕೆ ಒಂದು ಮನೆ ಹಿಂದಕ್ಕೆ ಇಡಿ. ಸರದಿ ಬಿಳಿಯದೇ ಆದರೂ ಗೆಲುವು ಬಿಳಿಗೇ: ಕಾಲಾಳನ್ನು ಇ3ಕ್ಕೆ ತಳ್ಳಿದರೆ ಸರದಿ ಕರಿಯ ತಲೆಗೆ ಬೀಳುತ್ತದೆ. ಹೊಸಬರು ಕಾಲಾಳನ್ನು ಆತುರದಿಂದ ಮುಂದೋಡಿಸಿ ಕಳೆದುಕೊಳ್ಳುವುದು ಈ ಕೈಮೀಸಲು ನಡೆಯನ್ನೇ. ರಾಜ ಮುಂದೆ, ಕಾಲಾಳು ಹಿಂದೆ ಎಂಬುದು ಇಲ್ಲಿನ ಕ್ರಮ. ಬಿಳಿ ರಾಜ ಇ6ಕ್ಕೂ ಕಾಲಾಳು ಇ5ಕ್ಕೂ ತಲುಪಿದ ಮೇಲಂತೂ ಸರದಿ ಯಾರದಾದರೂ ಬಿಳಿ ಗೆಲ್ಲುತ್ತದೆ.

ಹಲಗೆಯ ಅಂಚಿನ ಕಾಲಾಳಿಗೆ ಈ ನಿಯಮ ಹೊಂದದು. ಎ ಸಾಲಿನ ಕಾಲಾಳಿನ ಎದುರು ಕರಿ ರಾಜ ಎ8 ಮೂಲೆ ಸೇರಿಕೊಂಡರೆ ಅವನನ್ನು ಎಬ್ಬಿಸಲಾಗುವುದಿಲ್ಲ, ಆಟ ಸ್ಟೇಲ್‌ಮೇಟ್‌ಗೆ, ಅಂದರೆ ನಡೆಯೇ ಉಳಿಯದ ಡ್ರಾಗೆ ತಿರುಗುತ್ತದೆ.

1921ರಲ್ಲಿ ರಿಚರ್ಡ್ ರೇಟಿ ರಚಿಸಿದ ಸಮಸ್ಯೆ ಈ ವಿಷಯದಲ್ಲಿ ಇಂದಿಗೂ ಬೆರಗಿನದು. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6. ಕರಿ ರಾಜ ಎ6, ಕರಿ ಕಾಲಾಳು ಎಚ್5. ಬಿಳಿ ರಾಜ ಎದುರಾಳಿಯ ಕಾಲಾಳನ್ನು ಹಿಡಿಯಲಾರ, ತನ್ನದನ್ನು ಕಾಯಲೂ ಆರ ಎಂದೇ ತೋರುತ್ತದೆ. ಆದರೆ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿದರೆ ಎರಡು ಗುರಿಗಳತ್ತಲೂ ಒಟ್ಟಿಗೇ ಸಾಗಿದಂತಾಗುತ್ತದೆ. ಕರಿ ಒಂದನ್ನು ತಡೆಯಲು ಹೋದರೆ ಇನ್ನೊಂದು ಕೈಗೂಡಿ ಆಟ ಡ್ರಾ ಆಗುತ್ತದೆ. ರಾಜನಿಗೆ ಓರೆದಾರಿಯೂ ನೇರದಾರಿಯಷ್ಟೇ ನಡೆ ಹಿಡಿಯುತ್ತದೆ. ಕಣ್ಣು ಇದನ್ನು ಸುಲಭಕ್ಕೆ ನಂಬುವುದಿಲ್ಲ.

ಇಲ್ಲಿ ವಿವರಿಸಿದ ಗೆಲುವುಗಳೆಲ್ಲ ಕಾಲಾಳು ತುದಿ ಮುಟ್ಟಿ ಬಲಿಷ್ಠ ಮಂತ್ರಿಯಾಗುವುದರ ಮೇಲೆ ನಿಂತಿವೆ. ಆದರೆ ಆಟ ಹಿಂದೆ ಹೀಗಿರಲಿಲ್ಲ: ಕರ್ನಾಟಕದಲ್ಲಿ ಹೊಯ್ಸಳರ ಕಾಲದಲ್ಲಿ ಆ ಮಂತ್ರಿ ಇರಲಿಲ್ಲ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಹಿಡಿದದ್ದು 1121ರ ಸುಮಾರಿಗೆ. ಆಗಿನ ಹೊಯ್ಸಳ ದೊರೆ ವಿಷ್ಣುವರ್ಧನನ ಮೇಲೆ ಕಲ್ಯಾಣದ ಚಾಲುಕ್ಯರ ಅಧಿಪತ್ಯವಿತ್ತು. 1126ರಲ್ಲಿ ಪಟ್ಟಕ್ಕೆ ಬಂದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಕ್ರೀಡಾಭಾಗದಲ್ಲಿ ಚತುರಂಗದ ವಿವರವಿದೆ. ಅರಸರು ಕಲಿಯಬೇಕಾದ ವಿನೋದಗಳ ಸಾಲಿನಲ್ಲಿ ಅದಕ್ಕೂ ಜಾಗವಿತ್ತೆಂಬುದು ಇದರಿಂದ ತಿಳಿಯುತ್ತದೆ. ಹಳೆಯ ಚತುರಂಗದಲ್ಲೂ ಅದರಿಂದ ಬೆಳೆದ ಪರ್ಷಿಯಾದ ಶತ್ರಂಜ್‌ನಲ್ಲೂ ಮಂತ್ರಿ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ. ಅಂಥ ಮಂತ್ರಿ ರಾಜನ ಜೊತೆಗೂಡಿದರೂ ಎದುರಾಳಿಯ ಒಂಟಿ ರಾಜನನ್ನು ಮಾತ್ ಮಾಡಲಾರ. ಹಾಗಾಗಿ ಶತ್ರಂಜ್‌ನಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಕಡಿದು ರಾಜನನ್ನು ಒಂಟಿ ಮಾಡುವುದನ್ನೂ ಗೆಲುವೆಂದೇ ಎಣಿಸುತ್ತಿದ್ದರು. ಅರಸೀಕೆರೆಯ ಈಶ್ವರ ದೇಗುಲ 1220ರಲ್ಲಿ ಎದ್ದ ಹೊತ್ತಿಗೂ ಸ್ಥಿತಿ ಇದೇ. ಮಂತ್ರಿಗೆ ಈಗಿನ ಓಟ ಬಂದದ್ದು 15ನೇ ಶತಮಾನದ ಕೊನೆಯಲ್ಲಿ, ಯುರೋಪಿನಲ್ಲಿ.

ಭಾರತದ ನಾಡ ಆಟಗಳಲ್ಲಿ ಮಾತ್ರ ಹಳೆಯ ಕಟ್ಟಳೆಗಳು ಬಹುಕಾಲ ಉಳಿದವು. ಅನೇಕ ಕಡೆ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸಾಗುತ್ತಿತ್ತು. ತುದಿ ಮುಟ್ಟಿದಾಗ ಆ ಸಾಲಿನ ಮೂಲ ಕಾಯಿಯ ಪದವಿ ಪಡೆಯುತ್ತಿತ್ತು. ಈ ಕಟ್ಟಳೆ ಹಿಡಿದರೆ ಕೊನೆಯಾಟದ ಲೆಕ್ಕ ಬುಡಮೇಲಾಗುತ್ತದೆ. ಬಿ ಸಾಲಿನ ಕಾಲಾಳು ತುದಿಗೆ ಹೋದರೂ ಸಿಗುವುದು ಕುದುರೆ, ಸಿ ಸಾಲಿನದಕ್ಕೆ ಒಂಟೆ. ಇವೆರಡರಲ್ಲಿ ಯಾವುದೊಂದೂ ಒಂಟಿಯಾಗಿ ಮಾತ್ ಮಾಡಲಾರದು. ಅಂಚಿನ ಕಾಲಾಳಿಗೆ ಮಾತ್ರ ಆನೆ ಸಿಗುತ್ತದೆ, ಆನೆಯಿದ್ದರೆ ಗೆಲ್ಲಬಹುದು. ಇಂದಿನ ಆಟದಲ್ಲಿ ತೀರ ಕಡೆಗಣಿತವಾದ ಕಾಲಾಳಿಗೆ ಅಲ್ಲಿ ಬೆಲೆ ಹೆಚ್ಚು. ನಾಡ ಆಟದಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರ ಹೆಸರು ನಿಂತದ್ದು ಆರಂಭದ ನಡೆಗಳಿಂದಲ್ಲ, ನಡು ಹಾಗೂ ಕೊನೆಯ ಆಟದ ಹಿಡಿತದಿಂದ.

ಅವರ ಕೈಯಲ್ಲಿ ಒಮ್ಮೆ ಸೋತ, ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ 1921ರಲ್ಲಿ ಪ್ರಕಟಿಸಿದ ತಮ್ಮ ಪಠ್ಯದ ಮೊದಲ ಪುಟಗಳಲ್ಲೇ ಸರಳ ಮಾತ್‌ಗಳನ್ನೂ ಕಾಲಾಳಿನ ಬಡ್ತಿಯನ್ನೂ ಇಟ್ಟರು. ಆ ಕ್ರಮ ಸರಿಯೇ. ಆನೆಗಳು ಹಲಗೆಯ ಮೇಲಿರುವಾಗ ಒಂದು ಕಾಲಾಳಿನ ಹೆಚ್ಚಳ ಎಷ್ಟೋ ಸಲ ಡ್ರಾದಲ್ಲಿ ಕರಗುತ್ತದೆ. ಆನೆಗಳನ್ನು ಕಡಿದರೆ ಅದೇ ಹೆಚ್ಚಳ ಗೆಲುವಾಗಬಹುದು, ಎದುರುನಿಲುವು ತಪ್ಪಿದರೆ ಪೂರ್ತಿ ಕೈತಪ್ಪಲೂಬಹುದು. ಕಡಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಆನೆ ಹಲಗೆಯಿಂದ ಇಳಿಯುವ ಮೊದಲೇ ಮಾಡಬೇಕು, ಆಮೇಲೆ ಹಿಂದಿರುಗುವ ದಾರಿಯಿಲ್ಲ.