ತುಕ್ಕಿಗೆ ಉರುಳಿದ ಬಿಸಿಗಾಳಿಯ ಗೋಪುರ

1989ರಲ್ಲಿ ಬೀಸಿದ ಬಿರುಗಾಳಿಗೆ ಸ್ಪೇನಿನ ಮಂಜಾನಾರೆಸ್ ಬಳಿ ತಗಡಿನ ಗೋಪುರವೊಂದು ಉರುಳಿಬಿತ್ತು. ಅದರ ಎತ್ತರ 195 ಮೀಟರ್. ನಮ್ಮ ಕುತುಬ್ ಮಿನಾರ್‌ನ ಎರಡೂವರೆ ಪಟ್ಟಿಗೂ ಹೆಚ್ಚು. ಅದು ಬರಿಯ ಗೋಪುರವಲ್ಲ, ಬಿಸಿಲಿನಿಂದ ವಿದ್ಯುತ್ ತೆಗೆಯುತ್ತಿದ್ದ ಚಿಮಣಿ.

ಇದರ ತತ್ವ ಅಡುಗೆಮನೆಯ ಹೊಗೆಗೂಡಿಗಿಂತ ಬೇರೆಯಲ್ಲ. ನೆಲದಿಂದ ಆಳೆತ್ತರಕ್ಕೆ ಪಾರದರ್ಶಕ ಹೊದಿಕೆ ಕಟ್ಟಿದರೆ ಅದರಡಿಯ ಗಾಳಿ ಬಿಸಿಲಿಗೆ ಕಾದು ಹಗುರವಾಗುತ್ತದೆ. ನಡುವೆ ಚಿಮಣಿ ನಿಲ್ಲಿಸಿದರೆ ಆ ಗಾಳಿ ಅದರೊಳಗೆ ನುಗ್ಗಿ ಮೇಲೇರುತ್ತದೆ. ದಾರಿಯಲ್ಲಿಟ್ಟ ಟರ್ಬೈನ್ ತಿರುಗುತ್ತದೆ. ಸ್ಪೇನಿನ ಸೇನಾಧಿಕಾರಿ ಇಸಿದೊರೊ ಕಬಾನ್ಯೆಸ್ 1903ರಷ್ಟು ಹಿಂದೆಯೇ ಇಂಥದೊಂದು ಯಂತ್ರವನ್ನು ಸೂಚಿಸಿದ್ದರು.

ಅದನ್ನು ದೊಡ್ಡದಾಗಿ ಕಟ್ಟಿ ನೋಡಿದವರು ಜರ್ಮನಿಯ ಎಂಜಿನಿಯರ್ ಯೋರ್ಗ್ ಶ್ಲೈಶ್. ಕೋಲ್ಕತ್ತದ ವಿದ್ಯಾಸಾಗರ ಸೇತುವೆಯ ವಿನ್ಯಾಸದಲ್ಲೂ ಅವರ ಕೈಯಿದೆ. ಪಶ್ಚಿಮ ಜರ್ಮನಿ ಸರ್ಕಾರದ ಹಣದಿಂದ ಎದ್ದ ಮಂಜಾನಾರೆಸ್ ಸ್ಥಾವರ 1982ರಲ್ಲಿ ಕೆಲಸ ಆರಂಭಿಸಿತು. ಉದ್ದೇಶವಿದ್ದದ್ದು ಮೂರು ವರ್ಷಗಳ ಪ್ರಯೋಗ ಮಾತ್ರ. ಹಾಗಾಗಿ ಚಿಮಣಿಗೆ ತೆಳು ತಗಡು. ಅದನ್ನು ಎಳೆದು ಹಿಡಿದ ಕಬ್ಬಿಣದ ಕಂಬಿಗಳಿಗೆ ತುಕ್ಕು ತಡೆಯುವ ಲೇಪವನ್ನೂ ಹಾಕಲಿಲ್ಲ. ಆದರೆ ಸ್ಥಾವರ ಏಳು ವರ್ಷ ನಡೆಯಿತು. ಕೊನೆಕೊನೆಗೆ ಅದು ಹೆಚ್ಚು ಜನರ ನೆರವಿಲ್ಲದೆ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಸೋತದ್ದು ತತ್ವವಲ್ಲ, ತುಕ್ಕು ಹಿಡಿದ ಕಂಬಿ.

ಹಾಗಾದರೆ ಮತ್ತೆ ಏಕೆ ಕಟ್ಟಲಿಲ್ಲ? ಲೆಕ್ಕ ನೋಡಿ. ಹೊದಿಕೆ ಹಬ್ಬಿದ್ದದ್ದು ಹನ್ನೊಂದು ಎಕರೆಗೂ ಹೆಚ್ಚು. ಸಿಕ್ಕಿದ್ದು ಹೆಚ್ಚೆಂದರೆ 50 ಕಿಲೋವ್ಯಾಟ್, ಅಂದರೆ ಹತ್ತು ಎಚ್.ಪಿ.ಯ ಐದು ಪಂಪ್‌ಸೆಟ್‌ಗಳಿಗೆ ಸಾಕಾಗುವಷ್ಟು! ಚಿಮಣಿಯ ದಕ್ಷತೆ ಅದರ ಎತ್ತರವನ್ನೇ ಅವಲಂಬಿಸಿದೆ. ಸಾವಿರ ಮೀಟರ್ ಕಟ್ಟಿದರೂ ಗಾಳಿ ಹೀರಿದ ಶಾಖದಲ್ಲಿ ನೂರಕ್ಕೆ ಸುಮಾರು 3 ಭಾಗವಷ್ಟೇ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಸಣ್ಣದಾಗಿ ಕಟ್ಟಿದರೆ ನಷ್ಟ, ದೊಡ್ಡದಾಗಿ ಕಟ್ಟಲು ಬೆಟ್ಟದಷ್ಟು ಹಣ ಮೊದಲೇ ಬೇಕು. ಒಂದು ಅನುಕೂಲವನ್ನು ಮಾತ್ರ ಮರೆಯುವಂತಿಲ್ಲ. ಹೊದಿಕೆಯಡಿಯ ನೆಲ ಹಗಲಿನ ಶಾಖವನ್ನು ಹಿಡಿದಿಟ್ಟು ಸಂಜೆಯ ನಂತರವೂ ಬಿಡುತ್ತದೆ. ನೀರು ತುಂಬಿದ ಚೀಲಗಳನ್ನು ಹಾಸಿದರೆ ರಾತ್ರಿಯೂ ವಿದ್ಯುತ್ ಪಡೆಯಬಹುದೆಂಬುದು ಶ್ಲೈಶ್ ಅವರ ಲೆಕ್ಕ.

2000ರ ನಂತರ ಆಸ್ಟ್ರೇಲಿಯಾದ ಮಿಲ್ಡುರಾ ಪ್ರದೇಶದಲ್ಲಿ ಸಾವಿರ ಮೀಟರ್ ಎತ್ತರದ, 200 ಮೆಗಾವ್ಯಾಟ್‌ನ ಗೋಪುರದ ಯೋಜನೆ ಸದ್ದು ಮಾಡಿತು. ಅದು ಕಾಗದದಿಂದ ಮೇಲೇಳಲೇ ಇಲ್ಲ. ಅಷ್ಟರಲ್ಲಿ ಸೌರಫಲಕಗಳ ಬೆಲೆ ಇಳಿಯುತ್ತ ಬಂತು. ಅದೇ ಹನ್ನೊಂದು ಎಕರೆಯಲ್ಲಿ ಇಂದು ಫಲಕ ಹಾಸಿದರೆ ಎರಡು ಸಾವಿರ ಕಿಲೋವ್ಯಾಟ್‌ನ ಆಸುಪಾಸು ಸಿಗುತ್ತದೆ, ಬಿಸಿಲಿರುವವರೆಗೆ. ಶ್ಲೈಶ್ 2021ರಲ್ಲಿ ತೀರಿಕೊಂಡರು. ಅವರು ಬಯಸಿದ ಎತ್ತರದ ಚಿಮಣಿ ಅವರ ಜೀವಿತಕಾಲದಲ್ಲಿ ಎಲ್ಲೂ ಏಳಲಿಲ್ಲ.