ಕಡಲ ಸ್ಪಂಜಿನಿಂದ ಕ್ಯಾನ್ಸರ್ ಮದ್ದಿನವರೆಗೆ

ಸ್ಪಂಜು ಎಂದೊಡನೆ ನಮಗೆ ನೆನಪಾಗುವುದು ಪಾತ್ರೆ ತೊಳೆಯುವ ತುಂಡು. ಆದರೆ ನಿಜವಾದ ಸ್ಪಂಜು ಒಂದು ಪ್ರಾಣಿ. ಕಡಲ ತಳದ ಬಂಡೆಗೆ ಅಂಟಿಕೊಂಡು, ನೀರನ್ನು ಸೋಸಿ ಬದುಕುತ್ತದೆ. ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಸೋಸುವ ನೀರಿನಲ್ಲೋ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಹಾಗಾಗಿ ಹಲವು ಸ್ಪಂಜುಗಳು, ಅವುಗಳೊಳಗೆ ನೆಲೆಸಿದ ಸೂಕ್ಷ್ಮಜೀವಿಗಳು ರಾಸಾಯನಿಕಗಳನ್ನೇ ಆಯುಧ ಮಾಡಿಕೊಂಡಿವೆ. ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್ ವಿರುದ್ಧದ ಔಷಧಿಗಾಗಿ ವಿಜ್ಞಾನಿಗಳು ಇವನ್ನು ಹುಡುಕಿಕೊಂಡು ಹೋಗಿದ್ದು ಇದಕ್ಕೇ.

ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞರು 1945ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಒಂದು ಸ್ಪಂಜನ್ನು ಸಂಗ್ರಹಿಸಿದರು. ಅದರಲ್ಲಿ ಡಿಎನ್‌ಎ ಕಟ್ಟುವ ಘಟಕಗಳನ್ನೇ ಹೋಲುವ, ಆದರೆ ಬೇರೆ ಸಕ್ಕರೆಯಿದ್ದ ವಸ್ತುಗಳು ಸಿಕ್ಕವು. 1950ರ ದಶಕದ ಆರಂಭದಲ್ಲಿ ಇದು ಪ್ರಕಟವಾಯಿತು. ಇದೇ ಸುಳಿವಿನ ಹಾದಿಯಲ್ಲಿ 1959ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದದ್ದು ಸೈಟರಾಬಿನ್. ಬೆಳೆಯುವ ಜೀವಕೋಶ ಇದನ್ನು ತನ್ನದೇ ಘಟಕವೆಂದು ಬಳಸುತ್ತದೆ. ಆಗ ಡಿಎನ್‌ಎ ನಕಲಿನ ಕೆಲಸ ಕೆಡುತ್ತದೆ. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿ ಇಂದಿಗೂ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ.

ಎರಡನೆಯ ಕಥೆ ಜಪಾನಿನದು. ನನ್ನ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದಾಗ ಡಾಕ್ಟರು ಎರಿಬುಲಿನ್ ಎಂಬ ಔಷಧಿಯ ಹೆಸರು ಹೇಳಿದರು. ಅದರ ಮೂಲ ಹುಡುಕುತ್ತ ನಾನು ತಲುಪಿದ್ದು ಅಲ್ಲಿಗೆ. ಹಿರಾಟಾ ಮತ್ತು ಉಎಮುರಾ 1986ರಲ್ಲಿ ಒಂದು ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತುವನ್ನು ವರದಿ ಮಾಡಿದರು. 600 ಕಿಲೋ ಸ್ಪಂಜಿನಿಂದ ಸಿಕ್ಕಿದ್ದು 12.5 ಮಿಲಿಗ್ರಾಂ, ಅಂದರೆ ಒಂದು ಅಕ್ಕಿಕಾಳಿನಷ್ಟೂ ಇಲ್ಲ! ಕ್ಯಾನ್ಸರ್ ಕೋಶಗಳ ಮೇಲೆ ಅದರ ಪರಿಣಾಮ ಗಾಢವಾಗಿತ್ತು. ಆದರೆ ಕಡಲನ್ನೇ ಬರಿದು ಮಾಡಿದರೂ ರೋಗಿಗಳಿಗೆ ಸಾಲುತ್ತಿರಲಿಲ್ಲ.

ದಾರಿ ತೋರಿದ್ದು ಹಾರ್ವರ್ಡ್‌ನ ಯೊಶಿಟೊ ಕಿಶಿ. 1992ರಲ್ಲಿ ಅವರ ತಂಡ ಈ ಜಟಿಲ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ಅಣುವಿನ ಒಂದು ಭಾಗ ಸಾಕು, ಪೂರ್ತಿ ಬೇಕಿಲ್ಲ ಎಂಬುದೂ ಮುಂದೆ ತಿಳಿಯಿತು. ಆ ಭಾಗದ ಆಧಾರದ ಮೇಲೆ ರೂಪುಗೊಂಡ ಎರಿಬುಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 762 ಮಹಿಳೆಯರಿದ್ದರು. ಇತರ ಚಿಕಿತ್ಸೆ ಪಡೆದವರಿಗಿಂತ ಎರಿಬುಲಿನ್ ಪಡೆದವರ ಮಧ್ಯಮ ಆಯುಷ್ಯ ಸುಮಾರು ಎರಡೂವರೆ ತಿಂಗಳು ಹೆಚ್ಚಿತ್ತು.

ಬರೀ ಎರಡೂವರೆ ತಿಂಗಳೇ ಎಂದು ಅಂಕಿ ನೋಡಿ ನನಗೆ ಅನ್ನಿಸಿತ್ತು. ಚಿಕ್ಕಮ್ಮನಿಗೆ ಹೇಳಿದಾಗ ಅವರು ಬೆರಳು ಮಡಚಿ ಎಣಿಸಿ, "ದೀಪಾವಳಿ ಅಷ್ಟರಲ್ಲಿ ಬರ್ತದಲ್ಲ" ಅಂದರು. ಇಂಥ ಅಂಕಿ ಯಾರೊಬ್ಬರ ಆಯುಷ್ಯವನ್ನೂ ಹೇಳುವುದಿಲ್ಲ, ನಿಜ. ಆದರೆ ಎರಡೂವರೆ ತಿಂಗಳ ಬೆಲೆ ಏನೆಂದು ಅವರಿಂದ ಕಲಿತೆ.

ಗೆಳತಿಯರೇ, ಎದೆಯಲ್ಲಿ ಗಂಟು ಕಂಡರೆ ನಾಚಿಕೆ, ಕೆಲಸ ಎಂದು ದಿನ ದೂಡಬೇಡಿ. ಬೇಗ ತೋರಿಸಿಕೊಂಡವರಿಗೆ ಬಹಳಷ್ಟು ಬಾರಿ ಈ ಕೊನೆಯ ಹಂತದ ಔಷಧಿಯ ಅಗತ್ಯವೇ ಬೀಳುವುದಿಲ್ಲ.