ಕ್ಲಾರ್ಕ್ ಬೀದಿಯ ಸ್ವೀಡನ್

ಷಿಕಾಗೋದ ಉತ್ತರ ಭಾಗದಲ್ಲಿ, ಫಾಸ್ಟರ್ ಅವೆನ್ಯೂ ಕ್ಲಾರ್ಕ್ ಬೀದಿಯನ್ನು ಕೂಡುವಲ್ಲಿ ಆಂಡರ್ಸನ್‌ವಿಲ್ ಇದೆ. ಸರ್ಕಾರಿ ಲೆಕ್ಕದಲ್ಲಿ ಇದು ಎಡ್ಜ್‌ವಾಟರ್ ಪ್ರದೇಶದ ಒಂದು ತುಂಡು. ನಗರದೊಳಗೆ ಸೇರಿದ್ದು 1889ರಲ್ಲಿ. ಅಂಗಡಿಬೀದಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಹತ್ತಿದ್ದು 2010ರಲ್ಲಿ. ಅಂಕಿಅಂಶ ಇಷ್ಟು ಸಾಕು.

ಸ್ವೀಡನ್ನಿನವರನ್ನು ಇಲ್ಲಿಗೆ ಅಟ್ಟಿದ್ದು ಬೆಂಕಿ. 1871ರ ಅಕ್ಟೋಬರಿನಲ್ಲಿ ಷಿಕಾಗೋ ಹೊತ್ತಿ ಉರಿದಾಗ ನದಿಯಾಚೆಯ ಅವರ ಹಳೇ ಕೇರಿ 'ಸ್ವೀಡ್ ಟೌನ್' ಕೂಡ ಸುಟ್ಟಿತು. ನಗರದೊಳಗೆ ಮರದ ಮನೆ ಕಟ್ಟಕೂಡದೆಂದು ಕಾನೂನಾಯಿತು. ಇಟ್ಟಿಗೆ ಮನೆಗೆ ದುಡ್ಡೆಲ್ಲಿಂದ ತರುವುದು? ಆಗಿನ್ನೂ ಎಲ್ಲೆಯ ಹೊರಗಿದ್ದ ಈ ಚೆರ್ರಿ ತೋಟಗಳ ಕಡೆ ಮರದ ಮನೆಗೆ ಅಡ್ಡಿಯಿರಲಿಲ್ಲ. ಬಂದರು, ಕಟ್ಟಿಕೊಂಡರು. 1900ರ ಹೊತ್ತಿಗೆ ಸ್ಟಾಕ್‌ಹೋಮ್ ಬಿಟ್ಟರೆ ಅತಿ ಹೆಚ್ಚು ಸ್ವೀಡಿಷರಿದ್ದ ನಗರ ಷಿಕಾಗೋ ಎಂದು ಇಲ್ಲಿಯವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ.

ಇಷ್ಟೆಲ್ಲ ಇದ್ದೂ ಊರಿನ ಆಂಡರ್ಸನ್ ಯಾರು ಎಂಬ ತಕರಾರು ಬಗೆಹರಿದಿಲ್ಲ. ಬೆಂಕಿಗೆ ಮುಂಚೆಯೇ, 1850ರ ದಶಕದಲ್ಲಿ, ಇದೇ ಮೂಲೆಯಲ್ಲಿ ಆಂಡರ್ಸನ್‌ವಿಲ್ ಶಾಲೆಯಿತ್ತು. ಅಂದಮೇಲೆ ಹೆಸರು ಸ್ವೀಡಿಷ್ ವಲಸೆಯ ಮಹಾಪೂರಕ್ಕಿಂತ ಹಳೆಯದು. ಅದು ಲುಥೆರನ್ ಪಾದ್ರಿ ಪಾಲ್ ಆಂಡರ್ಸನ್ ನೋರ್ಲಾಂಡರದು ಎಂದು ಒಂದು ಕಡೆಯವರು. ಜಾನ್ ಆಂಡರ್ಸನ್ ಎಂಬ ರೈತನದು ಎಂದು ಇನ್ನೊಂದು ಕಡೆಯವರು. ನನ್ನ ಒಲವು ಪಾದ್ರಿಯ ಕಡೆಗೆ. ಆದರೆ ಪಾದ್ರಿಯವರು ನಾರ್ವೆಯವರು! ಆ ಕಾಲಕ್ಕೆ ನಾರ್ವೆ ಸ್ವೀಡನ್ನಿನ ರಾಜನ ಕೈಕೆಳಗಿತ್ತು, 1905ರವರೆಗೂ. ಸ್ವೀಡಿಷ್ ಅಭಿಮಾನಿಗಳು ಬೇಕಿದ್ದರೆ ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಬಹುದು.

ಹೆಸರಿನ ತಕರಾರು ಏನೇ ಇರಲಿ, ಸ್ವೀಡಿಷರ ಎಬೆನೇಜರ್ ಚರ್ಚು ಫಾಸ್ಟರ್ ಅವೆನ್ಯೂನಲ್ಲಿ ಗಟ್ಟಿಯಾಗಿ ನಿಂತಿದೆ. ಡಿಸೆಂಬರ್ 13ರ ಸಂಜೆ, ಸಂತ ಲೂಸಿಯಾಳ ಹಬ್ಬಕ್ಕೆ, ತಲೆಯ ಮೇಲೆ ದೀಪದ ಕಿರೀಟ, ಬಿಳಿ ನಿಲುವಂಗಿ ತೊಟ್ಟ ಲೂಸಿಯಾ ಹುಡುಗಿಯರ ಮೆರವಣಿಗೆ ಅಲ್ಲಿಗೆ ಮುಟ್ಟುತ್ತದೆ.

ಎರಡನೇ ಮಹಾಯುದ್ಧದ ನಂತರ ಮಕ್ಕಳುಮರಿ ಹೊರವಲಯದ ಬಡಾವಣೆಗಳಿಗೆ ಹೊರಟವು, ಅಂಗಡಿಗಳು ಖಾಲಿಯಾದವು. ಉಳಿದ ವ್ಯಾಪಾರಿಗಳು ಕೈಕಟ್ಟಿ ಕೂರಲಿಲ್ಲ. 1964ರ ಅಕ್ಟೋಬರ್ 17ರಂದು ಮೇಯರ್ ರಿಚರ್ಡ್ ಡೇಲಿ, ಗವರ್ನರ್ ಓಟೊ ಕರ್ನರ್ ಇಬ್ಬರನ್ನೂ ಕರೆಸಿ ಆಂಡರ್ಸನ್‌ವಿಲ್ಲನ್ನು ಹೊಸದಾಗಿ ಉದ್ಘಾಟಿಸಿದರು. ಸ್ವೀಡಿಷರು ಮನೆ ಖಾಲಿ ಮಾಡುತ್ತಿದ್ದ ಹೊತ್ತಿಗೇ ಕೇರಿ ಹೆಚ್ಚು ಸ್ವೀಡಿಷ್ ಆಯಿತು. ವ್ಯಾಪಾರದ ಉಪಾಯವೆಂದು ನಾನೇನೂ ಮೂಗು ಮುರಿಯುವುದಿಲ್ಲ. ಆ ಉಪಾಯ ಇಲ್ಲದಿದ್ದರೆ 1976ರಲ್ಲಿ ಸ್ವೀಡನ್ನಿನ ರಾಜ ಹದಿನಾರನೇ ಕಾರ್ಲ್ ಗುಸ್ತಾಫ್ ಇಲ್ಲಿಗೆ ಬಂದು ಸ್ವೀಡಿಷ್ ವಲಸಿಗರ ಮ್ಯೂಸಿಯಂ ತೆರೆಯುತ್ತಿದ್ದರೇ?

ಮ್ಯೂಸಿಯಂ ಮಾಳಿಗೆಯ ಮೇಲಿದ್ದ ನೀರಿನ ಟ್ಯಾಂಕಿಗೆ ಸ್ವೀಡನ್ ಬಾವುಟದ ನೀಲಿ, ಹಳದಿ ಬಳಿದಿದ್ದರು. 2014ರ ಚಳಿಗೆ ಅದು ಕೆಟ್ಟು ಕೆಳಗಿಳಿಯಿತು. 2017ರಲ್ಲಿ ಅದೇ ಬಣ್ಣದ ಫೈಬರ್‌ಗ್ಲಾಸ್ ಟ್ಯಾಂಕು ಮೇಲೇರಿತು. ನೀರು ತುಂಬುವ ಉಸಾಬರಿ ಅದಕ್ಕಿಲ್ಲ.

ಅದೇ ವರ್ಷ ಫೆಬ್ರವರಿಯಲ್ಲಿ ಸ್ವೀಡಿಷ್ ಬೇಕರಿ ಬಾಗಿಲು ಹಾಕಿತ್ತು. ಎರಿಕ್‌ಸನ್, ವಿಕ್‌ಸ್ಟ್ರೋಮ್ ಅಂಗಡಿಗಳು ಅದಕ್ಕೂ ಮುಂಚೆಯೇ ಹೋಗಿದ್ದವು. 1934ರ ಸೈಮನ್ಸ್ ಟ್ಯಾವರ್ನ್ ಉಂಟು: ಹೊರಗೆ ಮಾರ್ಟಿನಿ ಗ್ಲಾಸು ಹಿಡಿದ ನಿಯಾನ್ ಮೀನು, ಒಳಗೆ ಏಲಕ್ಕಿ, ಲವಂಗ ಹಾಕಿ ಕಾಯಿಸಿದ ಗ್ಲಾಗ್ ವೈನು. ಬ್ರೆಡ್ಡಿಗೆ ಫಾಸ್ಟರ್ ಅವೆನ್ಯೂನ ಮಧ್ಯಪ್ರಾಚ್ಯದವರ ಬೇಕರಿಗೂ ಹೋಗಬಹುದು, ಪಿಟಾ ಚೆನ್ನಾಗಿರುತ್ತದೆ.